ಗುಲಾಬಿ ಬೆಂಡು

ದೋಣಿ ಮಡುವಿನ ತುದಿ ಮುಟ್ಟಿ ಇನ್ನೇನು ತಿರುಗಬೇಕು ಎನ್ನುವಾಗ, ದಂಡೆಯ ಕಲ್ಲಿನ ಮೇಲೆ ಕೌದಿ ಒಗೆಯುತ್ತಿದ್ದ ಹೆಂಗಸು ಸೊಂಟಕ್ಕೆ ಕೈಕೊಟ್ಟು ನೆಟ್ಟಗಾದಳು. ಹುಟ್ಟು ಹಾಕುತ್ತಿದ್ದ ಕಲ್ಲಯ್ಯ ಥಟ್ಟನೆ ತಲೆ ತಗ್ಗಿಸಿದ. ಅವಳು ಕಾಶವ್ವ, ಅವನ ಹೆಂಡತಿ. ನಳಕ್ಕೆ ನೀರು ಬರಲಿಲ್ಲವೆಂದು ಕೌದಿ ಹೊತ್ತುಕೊಂಡು ಮಲಪ್ರಭೆಗೇ ಬಂದುಬಿಡುತ್ತಾಳೆಂದು ಅವನು ಎಣಿಸಿರಲಿಲ್ಲ.

ಕೊರಳಲ್ಲಿ ಲಿಂಗ ಕಟ್ಟಿಕೊಂಡ ಅಯ್ಯನವರು ಬೇಕಾದರೆ ದಂಡೆಯ ಮೇಲೆ ಕೂತು ಗೆಳೆಯನ ಜೊತೆ ಹರಟೆ ಹೊಡೆಯಲಿ, ಮೀನಿನ ದೋಣಿಗೆ ಮಾತ್ರ ಕಾಲಿಡಕೂಡದು ಎಂದು ಮದುವೆಯಾದ ಹೊಸದರಲ್ಲೇ ಅವಳು ಮಾತು ತೆಗೆದುಕೊಂಡಿದ್ದಳು. ಈ ದೀಪಾವಳಿಯ ತನಕ ಅವನು ಅದನ್ನು ಮೀರಿರಲಿಲ್ಲ. ಮೀರಿದ್ದೊಂದೇ ಆಗಿದ್ದರೆ ಹೇಗೋ ಸಂಭಾಳಿಸಬಹುದಿತ್ತು. ಅದಕ್ಕಿಂತ ದೊಡ್ಡ ತಪ್ಪು ದೋಣಿಯ ಹಿಂದೆ, ನಾಲ್ಕು ತುಂಡಾಗಿ, ನೀರಿನ ಮೇಲೆ ತೇಲಿಬರುತ್ತಿತ್ತು.

ದೋಣಿಯ ಹಿಂಬದಿಗೆ ಮುಖ ಮಾಡಿ ಕೂತಿದ್ದವನೇ ಆ ಗೆಳೆಯ, ನಾಗಲಿಂಗ. ಬೀಸಣಿಗೆಯ ಕಡ್ಡಿಗಳ ಹಾಗೆ ನಾಲ್ಕು ಗಾಳದ ಕೋಲು ಹರವಿಟ್ಟು, ದೋಣಿ ಮೆಲ್ಲಗೆ ಸಾಗಿದ ಹಾಗೆ ನೂಲನ್ನು ನೀರಲ್ಲಿ ಎಳೆಸಿಕೊಂಡು ಹೋಗುವುದು ಅವನ ಪದ್ಧತಿ. ನೂಲಿಗೊಂದು ಬೆಂಡು ಬೇಕೇ ಬೇಕು. ಇಲ್ಲದಿದ್ದರೆ ದೋಣಿ ಕೊಂಚ ನಿಧಾನವಾದರೂ ಗಾಳ ತಳಕ್ಕಿಳಿದು ಬೇರಿಗೆ ಸಿಕ್ಕಿಕೊಳ್ಳುತ್ತದೆ. ಮೀನು ಕಚ್ಚಿತೆಂದು ಹೇಳುವುದೂ ಆ ಬೆಂಡೇ. ಜೋಳದ ದಂಟಿನ ಬೆಳ್ಳಗಿನ ಬೆಂಡು ಅವನಿಗೆ ಮಳೆಗಾಲ ಕಳೆದದ್ದೇ ಬಿಸಿಲಿನ ಝಳದಲ್ಲಿ ಕಾಣದಾಯಿತು. ಕಣ್ಣಿನ ಪೊರೆ ಇನ್ನೂ ಬಲಿತಿಲ್ಲ, ಬೇಸಿಗೆಗೆ ಬಾ ಎಂದು ಬೆಳಗಾವಿಯ ಡಾಕ್ಟರು ವಾಪಸು ಕಳಿಸಿದ್ದರು. ಅಲ್ಲಿಯವರೆಗೆ ದೋಣಿ ಇಟ್ಟುಕೊಂಡು ಏನು ಮಾಡಲಿ, ಯಾರಿಗಾದರೂ ಕೊಟ್ಟುಬಿಡುತ್ತೇನೆ ಎಂದು ನಾಗಲಿಂಗ ಮಂಕಾಗಿ ಕೂತುಬಿಟ್ಟಿದ್ದ.

ಆಗಲೇ ಒಂದು ದಿನ ಕಲ್ಲಯ್ಯನ ಮನೆಗೆ ಬಂದವನು ಹೊಸ್ತಿಲ ಬಳಿ ನಿಂತು, ಇಲ್ಲಿ ಯಾರ ದಾಸವಾಳ ಬಿದ್ದೈತಿ ಎಂದು ಕೇಳಿದ. ಅದು ಹೂವಲ್ಲ, ಬೆಳಗಾವಿಯ ಖಡೇಬಜಾರಿನಿಂದ ತಂದು, ಮದುವೆ ಮುಂಜಿಗೆಂದು ಕಾಶವ್ವ ಜೋಪಾನ ಮಾಡಿದ್ದ ಗುಲಾಬಿ ಬಣ್ಣದ ಹವಾಯಿ ಚಪ್ಪಲಿ. ಇಷ್ಟು ದಿನದಲ್ಲಿ ನಾಗಲಿಂಗನ ಕಣ್ಣಿಗೆ ತಾನಾಗಿ ಬಿದ್ದ ವಸ್ತು ಅದೊಂದೇ. ಮರುದಿನ ಕಲ್ಲಯ್ಯ ಎಡಗಾಲಿನದನ್ನು ಕೊಯ್ದು ನಾಲ್ಕು ಬೆಂಡು ಮಾಡಿ, ಹುಟ್ಟು ಹಾಕಲು ತಾನೇ ದೋಣಿ ಹತ್ತಿದ. ಕಾಶವ್ವನ ಸಂಶಯ ಬಾಜೂಮನೆಯ ನಾಯಿಯ ಮೇಲೆ ಹೋಯಿತು. ಅಂದಿನಿಂದ ಅದು ಓಣಿಗೆ ತಲೆ ಹಾಕಿದರೆ ಸಾಕು, ಅವಳ ಕೈಗೆ ಕಲ್ಲು ಬರುತ್ತಿತ್ತು.

ಈಗ ಇದ್ದಲ್ಲೇ ದೋಣಿ ತಿರುಗಿಸಿ ಓಡಿಬಿಡೋಣವೆಂದು ಅವನು ಹುಟ್ಟನ್ನು ಒತ್ತಿ ಹಿಡಿದ. ಅಷ್ಟರಲ್ಲಿ ನಾಗಲಿಂಗ ಪಿಸುಗುಟ್ಟಿದ.

"ಅಯ್ನಾರ, ಬಲಗಡೀದು ಮುಳುಗಿತು. ನೀವು ಹೇಳಬ್ಯಾಡ್ರಿ. ನಾನ ಕಂಡೆ."

ಗಕ್ಕನೆ ತಿರುಗಿಸಿದರೆ ನಾಲ್ಕೂ ನೂಲು ಒಂದಕ್ಕೊಂದು ಸುತ್ತಿಕೊಂಡು ಗಂಟಾಗುತ್ತವೆ, ಮೀನೂ ಹೋಗುತ್ತದೆ. ನೂಲು ಸಿಕ್ಕಾಗದಂತೆ ತಿರುಗಬೇಕಾದರೆ ದೊಡ್ಡ ಸುತ್ತು ಹಾಕಬೇಕು. ಆ ಸುತ್ತು ನೇರ ಒಗೆಯುವ ಕಲ್ಲಿನ ಪಕ್ಕದಲ್ಲೇ ಹಾಯುತ್ತದೆ. ಕಲ್ಲಯ್ಯ ಗೆಳೆಯನ ಮುಖ ನೋಡಿದ. ಹುಟ್ಟನ್ನು ಸಡಿಲಿಸಿ ದೊಡ್ಡ ಸುತ್ತನ್ನೇ ಹಿಡಿದ.

ಮೀನು ಮೇಲೆ ಬರುವಾಗ ಎಂದಿನಂತೆ ಅವನು ಮುಖ ಪಕ್ಕಕ್ಕೆ ತಿರುಗಿಸಿದ. ಇವತ್ತು ಆ ಪಕ್ಕದಲ್ಲಿ ಕಾಶವ್ವ ನಿಂತಿದ್ದಳು. ನಾಗಲಿಂಗ ಅಂಗೈಯಗಲದ ಜಿಲೇಬಿ ಮೀನನ್ನು ಎತ್ತಿ ಹಿಡಿದು, ಕಲ್ಲಿನ ಮೇಲಿದ್ದ ಆಕೃತಿಗೆ ಕೂಗಿ ಹೇಳಿದ.

"ಯಾರ ಅದಿ ಯವ್ವಾ? ಈ ಬೆಂಡ ನೋಡಿಲ್ಲಿ, ಹೆಂಗ ಹೂವಿನಂಗ ಕಾಣ್ತಾವ. ನಮ್ಮ ಅಯ್ನಾರ ಎಲ್ಲಿಂದ ತಂದಾರೋ, ಹೇಳವಲ್ರು."

ಹತ್ತು ಮಾರಿನಷ್ಟು ದೂರವೂ ಇರಲಿಲ್ಲ. ಎಷ್ಟೋ ವರ್ಷ ತನ್ನ ಕೈಯ ಚಹಾ ಕುಡಿದವನಿಗೆ ತನ್ನ ಗುರುತು ಹತ್ತಲಿಲ್ಲವೆಂಬುದು ಕಾಶವ್ವನಿಗೆ ತಿಳಿಯಿತು. ಅವಳು ಅವನನ್ನು ನೋಡಿದಳು, ಕಾಲ ಬುಡದಲ್ಲೇ ಸಾಗಿಹೋದ ಗುಲಾಬಿ ತುಂಡುಗಳನ್ನು ನೋಡಿದಳು, ಗಂಡನನ್ನು ನೋಡಿದಳು. ಆಮೇಲೆ ಬಗ್ಗಿ ಕೌದಿ ಹಿಂಡತೊಡಗಿದಳು.

ಕಲ್ಲಯ್ಯ ಮನೆಗೆ ಬರುವಷ್ಟರಲ್ಲಿ ಬಾಜೂಮನೆಯ ನಾಯಿ ಅವರ ಕಟ್ಟೆಯ ಮೇಲೆ ಕೂತು ರೊಟ್ಟಿ ತಿನ್ನುತ್ತಿತ್ತು. ಇನ್ನು ಮುಚ್ಚಿಡುವುದೇನೂ ಉಳಿದಿಲ್ಲ ಎಂದು ಅವನಿಗೆ ಗೊತ್ತಾಯಿತು. ಕಾಶವ್ವ ಬಾಗಿಲಿಗೆ ಅಡ್ಡ ನಿಂತಳು.

"ಅಲ್ಲೇ ನಿಂದರ್ರಿ. ಹಿತ್ತಲದಾಗ ನೀರ ಕಾಸಿಟ್ಟೇನಿ. ಮೈ ತೊಳಕೊಂಡ ಒಳಗ ಬರ್ರಿ."

ಅವನು ಹಿತ್ತಲ ಕಡೆ ತಿರುಗಿದ. ಅವಳು ಹಿಂದಿನಿಂದ ಕೇಳಿದಳು.

"ನಾಗಲಿಂಗಣ್ಣಗ ಬೆಂಡರ ಕಾಣ್ತಾವೇನ್ರಿ, ಖರೇ?"

"ಕಾಣ್ತಾವ."

ಅವಳು ಒಳಗೆ ಹೋದಳು. ಹಿತ್ತಲ ಬಚ್ಚಲಲ್ಲಿ ಹಂಡೆಯಿಂದ ಹಬೆ ಏಳುತ್ತಿತ್ತು. ಕಲ್ಲಿನ ಮೇಲೆ ಸಾಬೂನು, ಸಾಬೂನಿನ ಪಕ್ಕದಲ್ಲಿ ಬಲಗಾಲಿನ ಗುಲಾಬಿ ಚಪ್ಪಲಿ, ತೊಳೆದು ಒರೆಸಿ ಇಟ್ಟದ್ದು. ಅವನು ಅದನ್ನು ಕೈಗೆತ್ತಿಕೊಂಡಾಗ ಅಡುಗೆಮನೆಯಿಂದ ದನಿ ಬಂತು.

"ಇದನ್ನ ಅಷ್ಟು ಸಣ್ಣ ಕೊಯ್ಬ್ಯಾಡ್ರಿ. ಒಗಿಯೂ ಕಲ್ಲಿನ ತನಕ ನನಗೂ ಕಾಣಬೇಕು."