ಮುಚ್ಚಿದ ಕಣ್ಣು

"ಫಾದರ್, ನನಗೋಸ್ಕರ ಇಲ್ಲಿವರೆಗೂ ಬಂದ್ರಾ?" ಕೌನ್ಸೆಲರ್ ಕೋಣೆಯ ಹೊರಗೆ ಕೂತಿದ್ದ, ಚರ್ಚಿನಲ್ಲಿ ಹಾಡುವ ಟೀಚರಮ್ಮನ ಕಣ್ಣು ತುಂಬಿತು. ನಿಲುವಂಗಿ ಬಿಟ್ಟು ಚೌಕಳಿ ಶರ್ಟು ತೊಟ್ಟು ಕದ್ದು ಬಂದಿದ್ದ ಫಾದರ್ ಅಲ್ಲೇ ತಡೆದು ನಿಂತರು. "ವಿಶ್ವಾಸ ಇದ್ದವರಿಗೆ ಕೌನ್ಸೆಲಿಂಗ್ ಯಾಕ್ರಪ್ಪಾ?" ಅಂತ ಹೋದ ಭಾನುವಾರವಷ್ಟೇ ಚರ್ಚಿನ ಪ್ರವಚನದಲ್ಲಿ ಎಲ್ಲರನ್ನೂ ನಗಿಸಿದ್ದರು.

"ಹೌದಮ್ಮ, ನಿಮಗೋಸ್ಕರಾನೇ," ಎಂದುಬಿಟ್ಟರು. ಆಕೆ ಕಣ್ಣು ಮುಚ್ಚಿ ತಲೆ ಬಾಗಿಸಿದರು. ಅಭ್ಯಾಸಬಲದಿಂದ ಫಾದರ್ ಕೈ ಆ ತಲೆಯ ಮೇಲೆ ಹೋಯಿತು. ಪ್ರಾರ್ಥನೆ ಮಾತ್ರ ಬಾಯಿಗೆ ಬರಲಿಲ್ಲ. ಎಷ್ಟೋ ತಿಂಗಳಿಂದ ಬಂದಿರಲಿಲ್ಲ.

ಅಷ್ಟರಲ್ಲಿ ಬಾಗಿಲು ತೆರೆದ ಕೌನ್ಸೆಲರ್‌ನ ಸಹಾಯಕಿ ಹುಡುಗಿ ಪರಿಚಯದ ನಗೆ ನಕ್ಕು ಕರೆದಳು: "ಫಾದರ್, ಈಗ ನಿಮ್ಮ ಸರದಿ."

ಟೀಚರಮ್ಮನ ತಲೆಯ ಮೇಲಿದ್ದ ಕೈ ಸರ್ರನೆ ಹಿಂದೆ ಬಂತು. ಮುಖ ಎಲ್ಲಿಟ್ಟುಕೊಳ್ಳಬೇಕೋ ತಿಳಿಯದೆ ಫಾದರ್ ನಿಂತೇ ಇದ್ದರು.

"ಹೋಗಿ ಫಾದರ್," ಟೀಚರಮ್ಮ ಮೆಲ್ಲಗೆ ಅಂದರು, "ನೀವು ಒಳಗೆ ಹೋಗೋವರೆಗೂ ನಾನು ಕಣ್ಣು ಬಿಡಲ್ಲ."