ನಗು ಹಿಡಿಯುವ ಕ್ಯಾಮೆರಾ

“ಇದಕ್ಕೆ ಗುಂಡಿ ಒತ್ತೋದೇ ಬೇಡ ಸಾರ್. ಎದುರಿಗಿರೋರೆಲ್ಲ ನಕ್ರೆ ಸಾಕು, ತಾನೇ ಫೋಟೋ ತೆಗೆಯುತ್ತೆ,” ಎಂದು ಅಂಗಡಿಯವನು ಬೆಳ್ಳಿ ಬಣ್ಣದ ಪುಟ್ಟ ಕ್ಯಾಮೆರಾವನ್ನು ಗಾಜಿನ ಕೌಂಟರಿನ ಮೇಲೆ ನಿಲ್ಲಿಸಿದ.

ಬಸ್ ಕಂಡಕ್ಟರನ ಕಿವಿ ನಿಮಿರಿತು. ದಿನನಿತ್ಯ ಮನೆಯವರ ಫೋಟೋ ತೆಗೆಯಲು ಜೇಬಿಗೆ ಭಾರವಾಗದ ಒಂದು ಡಿಜಿಟಲ್ ಕ್ಯಾಮೆರಾ ಸಾಕೆಂದು ಹೆಂಡತಿ ಮಗಳನ್ನು ಕರೆದುಕೊಂಡು ಬಂದವನು ಅವನು. ಪಕ್ಕದಲ್ಲೇ ಇದ್ದ ಕಪ್ಪು ಕ್ಯಾಮೆರಾ ಅಗ್ಗದ್ದು. ಗುಂಡಿ ಒತ್ತಿದರೆ ಫೋಟೋ, ಅದರಾಚೆ ಯಾವ ಬೆಡಗೂ ಇಲ್ಲ. ಅದನ್ನೇ ಕಟ್ಟಿಕೊಡಿ ಎನ್ನುವವನಿದ್ದ. ಆದರೆ ನಗುವಿನ ಮಾತು ಬಂದಿತಲ್ಲ! ಜನರನ್ನು ನಗಿಸುವುದೆಂದರೆ ಅವನಿಗೆ ನೀರು ಕುಡಿದಷ್ಟು ಸುಲಭ. ಚಿಲ್ಲರೆ ಕೊಡದಿದ್ದರೂ ಜೋಕು ಕೊಟ್ಟೇ ಇಳಿಸುತ್ತಾನೆ ಎಂದು ಅವನ ಬಸ್ಸಿನಲ್ಲಿ ಓಡಾಡುವವರೆಲ್ಲ ಹೇಳುತ್ತಿದ್ದರು. ಕ್ಯಾಮೆರಾದ ಮುಂದೆ ಬಗ್ಗಿ ಹಲ್ಲು ಕಿರಿದ. ಪರದೆಯಲ್ಲಿ ಅವನ ಮುಖದ ಸುತ್ತ ಹಳದಿ ಚೌಕ ಮೂಡಿ ಹಸಿರಾಯಿತು, ಕ್ಲಿಕ್ ಎಂದಿತು.

“ಭಲೇ! ನೋಡೇ ಇಲ್ಲಿ!”

“ಬೆಲೆ ಜಾಸ್ತಿ ಆಯ್ತು ಕಣ್ರೀ,” ಎಂದಳು ಹೆಂಡತಿ. ಹೊಲಿಗೆ ಬಿಟ್ಟು ಅವಸರದಲ್ಲಿ ಬಂದವಳು. ಅಳತೆಯ ಟೇಪು ಇನ್ನೂ ಕೊರಳಲ್ಲೇ ಜೋತಾಡುತ್ತಿತ್ತು.

“ದಿನಾ ತಗೋತೀವೇನೇ? ಹೋಗಿ, ಇಬ್ರೂ ಆ ಫ್ರಿಜ್ ಮುಂದೆ ನಿಂತ್ಕೊಳ್ಳಿ. ಇದರ ಕೈಚಳಕ ನೋಡೇಬಿಡೋಣ.”

ಅಮ್ಮ, ಮಗಳು ಹೋಗಿ ನಿಂತರು. ಪರದೆಯಲ್ಲಿ ಎರಡು ಹಳದಿ ಚೌಕ ಮೂಡಿದವು. “ನಗಿ, ನಗಿ!” ಎಂದು ಕಂಡಕ್ಟರ್ ಹುರಿದುಂಬಿಸಿದ. ಹೆಂಡತಿ ತುಟಿ ಬಿಗಿಹಿಡಿದೇ ನಕ್ಕಳು. ಕ್ಯಾಮೆರಾ ಜಪ್ಪಯ್ಯ ಎನ್ನಲಿಲ್ಲ. ಅಂಗಡಿಯವನು ಅದನ್ನು ಎತ್ತಿ ನೋಡಿ, ಒರೆಸಿ, ಮತ್ತೆ ಇಟ್ಟ.

“ನಿಮ್ಮ ಕ್ಯಾಮೆರಾದ್ದೇನೂ ತಪ್ಪಿಲ್ಲ ಬಿಡಿ,” ಎಂದ ಕಂಡಕ್ಟರ್, ಅಂಗಡಿಗೆಲ್ಲ ಕೇಳುವಂತೆ. “ನಮ್ಮ ಮನೆಯವಳ ಹಲ್ಲಿದೆಯಲ್ಲ, ಒಳಗೆ ಬೇಕಾದಷ್ಟು ಜಾಗ ಇದ್ರೂ ಮುಂದಿನವೆರಡು ಫುಟ್‌ಬೋರ್ಡ್ ಮೇಲೇ ನಿಂತಿರ್ತವೆ. ಎಷ್ಟು ವಿಷಲ್ ಊದಿದ್ರೂ ಒಳಗೆ ಬರಲ್ಲ. ಅದಕ್ಕೇ ಪಾಪ, ಬಾಗಿಲು ಹಾಕ್ಕೊಂಡೇ ಓಡಾಡ್ತಾಳೆ!”

ಅಂಗಡಿಯವನು ನಕ್ಕ, ಗಿರಾಕಿಯ ಜೋಕಿಗೆ ನಗದೆ ವ್ಯಾಪಾರ ಆಗುತ್ತದೆಯೇ? ಜೋಕೇನೂ ಹೊಸದಲ್ಲ. ಮದುವೆಯಾದ ಹೊಸದರಲ್ಲಿ ಹುಟ್ಟಿದ್ದು, ನೆಂಟರ ಮುಂದೆ, ನೆರೆಯವರ ಮುಂದೆ, ಮಗಳ ಗೆಳತಿಯರ ಮುಂದೆ ಸವೆಯದೆ ಓಡುತ್ತಲೇ ಇತ್ತು. ಪ್ರತಿ ಸಲವೂ ಹೆಂಡತಿ ಬಾಯಿಗೆ ಕೈ ಅಡ್ಡ ಹಿಡಿದು ಭುಜ ಕುಣಿಸುತ್ತಿದ್ದಳು. ನೋಡಿ, ಅವಳಿಗೇ ನಗು ತಡೆಯಲಾಗುತ್ತಿಲ್ಲ ಎಂದು ಅವನು ಬೀಗುತ್ತಿದ್ದ.

ಇಂದು ಅವಳು ಕೈ ಅಡ್ಡ ಹಿಡಿಯಲಿಲ್ಲ. ಈ ಪ್ರದರ್ಶನ ಒಮ್ಮೆ ಮುಗಿದರೆ ಸಾಕೆನಿಸಿತೋ ಏನೋ, ಉಸಿರೆಳೆದುಕೊಂಡು, ತುಟಿ ತೆರೆದು, ಎರಡೂ ಹಲ್ಲು ಕಾಣುವಂತೆ ನಕ್ಕಳು. ಅವಳ ಮುಖದ ಚೌಕ ಹಸಿರಾಯಿತು. ಆದರೂ ಕ್ಲಿಕ್ ಆಗಲಿಲ್ಲ.

“ಮೇಡಂದು ಸರಿ ಇದೆ ಸಾರ್,” ಎಂದು ಅಂಗಡಿಯವನು ಪರದೆಗೆ ಬಗ್ಗಿದ. “ಪಾಪೂಗೆ ಕಾಯ್ತಾ ಇದೆ.”

ಎಲ್ಲರ ಕಣ್ಣೂ ಮಗಳ ಮೇಲೆ ಬಿದ್ದವು. ಅವಳು ಬಾಯಿಗೆ ಕೈ ಅಡ್ಡ ಹಿಡಿದು ನಿಂತಿದ್ದಳು. ಥೇಟ್ ಅಮ್ಮನ ಹಾಗೆಯೇ, ಬೆರಳುಗಳನ್ನು ಒಂದಕ್ಕೊಂದು ಒತ್ತಿಕೊಂಡು.

“ಕೈ ತೆಗಿಯೇ ಪುಟ್ಟಿ.”

ಪುಟ್ಟಿ ತಲೆಯಲ್ಲಾಡಿಸಿದಳು. ಹಾಲುಹಲ್ಲು ಬಿದ್ದ ಜಾಗದಲ್ಲಿ ಈಚೆಗೆ ಹೊಸವು ಮೊಳೆತಿದ್ದವು. ಅಪ್ಪ ಅವಳ ಮುಂದೆ ಕುಕ್ಕರಗಾಲಲ್ಲಿ ಕುಳಿತ. “ಯಾಕೇ? ನೋಯ್ತಿದ್ಯಾ?”

“ಇಲ್ಲ.” ಮಾತು ಕೈಯ ಹಿಂದಿನಿಂದಲೇ ಬಂತು. “ನನ್ನವೂ ಫುಟ್‌ಬೋರ್ಡ್ ಮೇಲೇ ಬಂದು ನಿಂತಿವೆ ಅಪ್ಪಾ.”

ಅಂಗಡಿಯವನು ಆಗಲೇ ಒರೆಸಿದ್ದ ಗಾಜನ್ನು ಮತ್ತೆ ಒರೆಸತೊಡಗಿದ. ಕಂಡಕ್ಟರನಿಗೆ ತಲೆಯೆತ್ತಲಾಗಲಿಲ್ಲ. ನಾಚಿಕೆಯಿಂದ ಕಿವಿಯವರೆಗೂ ಬಿಸಿಯೇರಿತು, ಅಲ್ಲೇ ಕುಗ್ಗಿಹೋದ. ಹೆಂಡತಿ ಇಷ್ಟು ವರ್ಷ ಕೈ ಅಡ್ಡ ಹಿಡಿದು ಭುಜ ಕುಣಿಸಿದಾಗಲೆಲ್ಲ ಆ ಕೈಯ ಹಿಂದೆ ಇದ್ದದ್ದು ನಗುವೇ ಅಲ್ಲವೇ ಎಂದು ಅವನು ಒಮ್ಮೆಯೂ ನೋಡಿರಲಿಲ್ಲ.

“ಅದು ತಮಾಷೆಗೆ ಅಂದಿದ್ದು ಕಣಮ್ಮ…”

“ಗೊತ್ತು ಅಪ್ಪಾ,” ಎಂದಳು ಮಗಳು. ಕೈ ಮಾತ್ರ ಇಳಿಯಲಿಲ್ಲ.

ಹೆಂಡತಿ ಮಗಳನ್ನು ಪಕ್ಕಕ್ಕೆ ಎಳೆದುಕೊಂಡಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಬಟ್ಟೆಯ ಅಳತೆ ಹೇಳುವಾಗಿನ ದನಿ ಅದು.

“ಆ ಅಗ್ಗದ್ದೇ ಕಟ್ಟಿಕೊಡಿ ಅಣ್ಣ. ನಕ್ರೇನೇ ಫೋಟೋ ತೆಗೆಯೋ ಕ್ಯಾಮೆರಾ ನಮ್ಮನೇಲಿ ನಡೆಯಲ್ಲ.”