ಮಂಗಳವಾರದ ಸುಳ್ಳು

"ಮಂಗಳವಾರ ಎಲ್ಲಿಗೆ ಹೋಗ್ತೀರಿ?"

ಹೆಂಡತಿ ತಲೆ ಎತ್ತದೆ ಕೇಳಿದಳು. ಮಡಿಲಲ್ಲಿ ಯಾರದೋ ಕಪ್ಪು ಕೋಟು, ಕೈಯಲ್ಲಿ ಸೂಜಿ. ಎಳೆಗೆ ಎಳೆ ಸೇರಿಸಿ, ಬಟ್ಟೆ ಹರಿದಿತ್ತೆಂಬ ಗುರುತೇ ಉಳಿಯದಂತೆ ರಫೂ ಮಾಡುವವಳು ಅವಳು. ಸುತ್ತಲಿನ ಲಾಂಡ್ರಿಗಳಿಗೆಲ್ಲ ಅವಳೇ ಗತಿ. ಕಿಟಕಿಯ ಕಟ್ಟೆಯ ಮೇಲೆ ಬೂದು, ಕಪ್ಪು, ಹಸಿರು ದಾರದ ಉಂಡೆಗಳು ಕೂತಿದ್ದವು.

ಗಂಟಣ್ಣ ಅಂಗಿಯ ಗುಂಡಿ ಹಾಕತೊಡಗಿದ. ಪಾರ್ಸೆಲ್ ಆಫೀಸಿನಲ್ಲಿ ಅವನು ಹಾಕಿದ ಗಂಟಿಗೆ ಕತ್ತರಿಯೇ ಬೇಕು, ಅದಕ್ಕೇ ಆ ಹೆಸರು. ಮಾತಿನಲ್ಲಿ ಮಾತ್ರ ಅವನು ಅಷ್ಟು ಗಟ್ಟಿಗನಲ್ಲ.

"ಇನ್ನೆಲ್ಲಿಗೆ, ಆಫೀಸಿಗೆ" ಎಂದ.

"ಪಕ್ಕದ್ಮನೆ ಟೀಚರಮ್ಮ ನೋಡಿದ್ರಂತೆ. ಕನ್ನಡಕದ ಅಂಗಡಿ ಪಕ್ಕದ ಮೆಟ್ಟಿಲು ಇಳೀತಿದ್ರಂತೆ ನೀವು. ಮುಖ ಒರೆಸ್ಕೊಂಡು."

ಮುಗೀತು ಕತೆ. ಆ ಮೆಟ್ಟಿಲಿನ ಮೇಲೆ ಇದ್ದದ್ದು ಮನಸ್ಸಿನ ಡಾಕ್ಟರು. ನಾಲ್ಕು ತಿಂಗಳಿಂದ ಅವನು ಕಳ್ಳನ ಹಾಗೆ ಅಲ್ಲಿಗೆ ಹೋಗಿ ಬರುತ್ತಿದ್ದ. ಮೊದಲು ಗಾಜಿನಾಚೆಯ ಕನ್ನಡಕಗಳನ್ನು ನೋಡುತ್ತ ನಿಲ್ಲುವುದು, ರಸ್ತೆ ಖಾಲಿಯಾದ ಕೂಡಲೇ ತಲೆ ತಗ್ಗಿಸಿ ಮೇಲಕ್ಕೆ. ಪಾಪ, ಅಂಗಡಿಯವನು ಇವನ ಮೇಲೆ ಭಾರಿ ಆಸೆ ಇಟ್ಟುಕೊಂಡಿದ್ದ.

ಶುರುವಾದದ್ದು ತಕ್ಕಡಿಯ ಮುಂದೆ. ಪೆಟ್ಟಿಗೆಯೊಂದನ್ನು ತೂಗುತ್ತಿದ್ದವನಿಗೆ ಇದ್ದಕ್ಕಿದ್ದಂತೆ ಕೈ ನಡುಗಿ, ಉಸಿರು ಕಟ್ಟಿ, ಸತ್ತೇ ಹೋದೆ ಅನ್ನಿಸಿತ್ತು. ಹೃದಯದ ಡಾಕ್ಟರು ಎಲ್ಲ ಪರೀಕ್ಷೆ ಮಾಡಿ, ನಿನ್ನ ಗುಂಡಿಗೆ ಗುಂಡುಕಲ್ಲಿನ ಹಾಗಿದೆ ಮಾರಾಯ ಎಂದು ಈ ಮೆಟ್ಟಿಲಿನ ದಾರಿ ತೋರಿಸಿದ್ದರು. ಮೇಲಿದ್ದ ಡಾಕ್ಟರಮ್ಮ ನರೆಗೂದಲಿನವರು, ಅವಸರವಿಲ್ಲದವರು. ಈಗ ಕಾಲ ಬದಲಾಗಿದೆ, ಇದಕ್ಕೊಂದು ಹೆಸರಿದೆ, ಗುಣವೂ ಆಗುತ್ತದೆ, ಜ್ವರ ಬಂದರೆ ನಾಚಿಕೆ ಪಡುತ್ತೀರಾ ಎಂದು ಕೇಳಿದ್ದರು. ಅವನು ಇಲ್ಲವೆಂದು ತಲೆಯಾಡಿಸಿದ್ದ.

ತಲೆಯಾಡಿಸುವುದಕ್ಕೇನು! ಅವನು ಹುಟ್ಟಿದ ಮನೆಯಲ್ಲಿ ಅದಕ್ಕಿದ್ದ ಹೆಸರು ಒಂದೇ, ತಲೆಕೆಟ್ಟವನು. ಆ ಹೆಸರು ಹೊತ್ತ ಚಿಕ್ಕಪ್ಪ ಹಿಂದಿನ ಕೋಣೆಯಲ್ಲಿ ಬದುಕಿ ಅಲ್ಲೇ ತೀರಿಕೊಂಡಿದ್ದ. ಇವನ ಮದುವೆಯ ಮಾತುಕತೆಗೆ ಹೆಣ್ಣಿನ ಕಡೆಯವರು ಬಂದ ದಿನ ಆ ಕೋಣೆಗೆ ಬೀಗ ಬಿದ್ದಿತ್ತು. ನಿಮ್ಮ ತಂದೆಗೆ ತಮ್ಮಂದಿರು ಇಲ್ಲವೇ ಎಂದು ಭಾವಿ ಮಾವ ಕೇಳಿದಾಗ, ಇಲ್ಲ ಎಂದವನು ಇವನೇ. ಹೆಂಡತಿಗೆ ಇವತ್ತಿಗೂ ಆ ವಿಷಯ ಗೊತ್ತಿಲ್ಲ. ಈಗ ಬಾಯಿಬಿಟ್ಟರೆ ಅದೂ ಹೊರಗೆ ಬೀಳುತ್ತಿತ್ತು. ಗೊತ್ತಿದ್ದೂ ಮೋಸ ಮಾಡಿ ಕಟ್ಟಿಕೊಂಡಿರಿ ಎಂದು ಅವಳು ಎದ್ದು ಹೋದರೆ, ಯಾವ ಮುಖ ಇಟ್ಟುಕೊಂಡು ತಡೆಯುವುದು?

ಡಾಕ್ಟರಮ್ಮನ ಮುಂದೆ ಕೂತಾಗಲೂ ನಾಚಿಕೆಗೆ ಅವನ ಕೈ ಸುಮ್ಮನಿರುತ್ತಿರಲಿಲ್ಲ. ಹಸಿರು ಬಟ್ಟೆಯ ಕುರ್ಚಿ. ಅದರ ಕೈಯಿಂದ ಎಳೆ ಕಿತ್ತು, ಮೂರು ಮೂರು ಸೇರಿಸಿ ಪುಟ್ಟ ಜಡೆ ಹೆಣೆಯುತ್ತಿದ್ದ. ಮನೆಯಲ್ಲಿ ಹೊದಿಕೆಯ ಅಂಚಿಗೂ ಇದೇ ಪಾಡು. ಮೊದಲ ಸಲ ಅಲ್ಲಿಂದ ಎದ್ದಾಗ ಕುರ್ಚಿಯ ಕೈಯಲ್ಲಿ ಬೆರಳು ತೂರುವಷ್ಟು ತೂತಾಗಿತ್ತು. ಮುಂದಿನ ವಾರ ಹೋದರೆ ತೂತೇ ಇಲ್ಲ. ನನ್ನ ದೆಸೆಯಿಂದ ಬಟ್ಟೆಯನ್ನೇ ಬದಲಾಯಿಸಿದ್ದಾರೆ ಎಂದು ಅವನು ಹಿಡಿಯಷ್ಟಾದ. ಆದರೂ ಕೈ ಕೇಳಲಿಲ್ಲ, ಮತ್ತೆ ಕಿತ್ತಿತು. ಮತ್ತೆ ಹೊಸತಾಯಿತು. ಡಾಕ್ಟರಮ್ಮ ಒಂದು ಮಾತೂ ಆಡಲಿಲ್ಲ. ಕ್ಷಮೆ ಕೇಳಲೂ ಅವನಿಗೆ ನಾಚಿಕೆಯಾಯಿತು.

"ಕೇಳಿದ್ದು ಕೇಳಿಸ್ತಾ?" ಎಂದಳು ಹೆಂಡತಿ.

ಗಂಟಣ್ಣ ಅವಳ ಮುಖ ನೋಡಿದ. ತಾಯಿ ಹೋದ ಮೇಲೆ ಅವಳ ಬಾಯಲ್ಲಿ ಹಾಡೇ ನಿಂತುಹೋಗಿತ್ತು. ಊಟ ಸೇರುತ್ತಿರಲಿಲ್ಲ, ಸೂಜಿ ಹಿಡಿದವಳು ಹಾಗೇ ಗೋಡೆ ನೋಡುತ್ತ ಕೂರುತ್ತಿದ್ದಳು. ಈಚೆಗೆ ಮತ್ತೆ ಗುನುಗತೊಡಗಿದ್ದಳು. ಶುಕ್ರವಾರ ಲಾಂಡ್ರಿಗಳಿಗೆ ಬಟ್ಟೆ ಕೊಟ್ಟು ಬಂದ ಸಂಜೆಯಂತೂ ಮನೆಯೆಲ್ಲ ಅವಳದೇ ರಾಗ. ಇಂಥವಳಿಗೆ ನಿನ್ನ ಗಂಡನ ತಲೆ ಕೆಟ್ಟಿದೆ ಎಂದು ಹೇಳುವುದು ಹೇಗೆ?

ಬೇರೆ ಹೆಣ್ಣಿನ ಸಹವಾಸವಾದರೆ ಜನ ನಾಲ್ಕು ದಿನ ಆಡಿಕೊಂಡು ಸುಮ್ಮನಾಗುತ್ತಾರೆ. ಆಫೀಸಿನಲ್ಲಿ ಒಬ್ಬಿಬ್ಬರು ಒಳಗೊಳಗೇ ಹೊಟ್ಟೆಕಿಚ್ಚೂ ಪಡುತ್ತಾರೆ. ಹೆಂಡತಿ ಅಳುತ್ತಾಳೆ, ಬೈಯುತ್ತಾಳೆ, ಕಾಲು ಹಿಡಿದರೆ ಎಂದಾದರೂ ಕ್ಷಮಿಸಿಯಾಳು. ಆ ಇನ್ನೊಂದಕ್ಕೆ ಕ್ಷಮೆ ಇದ್ದದ್ದನ್ನು ಅವನು ಕಂಡಿರಲಿಲ್ಲ.

"ಒಬ್ಬಳಿದ್ದಾಳೆ" ಎಂದ.

ಸೂಜಿ ನಿಂತಿತು.

"ಆ ಮೆಟ್ಟಿಲ ಮೇಲಾ?"

"ಹೂಂ."

ಅವಳು ಅಳಲಿಲ್ಲ, ಬೈಯಲೂ ಇಲ್ಲ. ಅವನನ್ನೇ ನೋಡಿದಳು. ಅವಳ ತುಟಿ ಒಂದಿಷ್ಟು ನಡುಗಿತು.

"ನಿಮ್ಮ ಮಾತು ಕೇಳ್ತಾರಾ?"

"ಕೇಳ್ತಾರೆ."

"ಪೂರ್ತಿ?"

"ಪೂರ್ತಿ."

"ಅಲ್ಲಿಂದ ಬಂದ್ಮೇಲೆ ಹಗುರ ಅನ್ಸುತ್ತಾ?"

ಇಂಥ ಪ್ರಶ್ನೆಯನ್ನು ಅವನು ನಿರೀಕ್ಷಿಸಿರಲಿಲ್ಲ. ಹೂಂ ಎಂದ. ಅವನು ಆಡಿದ ಸುಳ್ಳಿನಲ್ಲಿ ಎಲ್ಲಕ್ಕಿಂತ ನಿಜವಾಗಿದ್ದದ್ದು ಅದು. ಮುಖ ಮುಚ್ಚಿಕೊಂಡು ಬಿಕ್ಕಿದ. ಮಾಡದ ತಪ್ಪಿಗೆ ತಲೆ ಕೊಟ್ಟು, ಇದ್ದ ಕಾಯಿಲೆಯನ್ನು ಬಚ್ಚಿಟ್ಟು, ಎರಡಕ್ಕೂ ಒಟ್ಟಿಗೇ ನಾಚಿ ಅತ್ತ.

"ನಾನು ನಿನಗೆ ತಕ್ಕವನಲ್ಲ ಕಣೆ" ಎಂದ.

ಅವಳು ದಾರವನ್ನು ಹಲ್ಲಿನಿಂದ ಕಡಿದು ಕೋಟನ್ನು ಪಕ್ಕಕ್ಕಿಟ್ಟಳು. ಎದ್ದಳು. ಪೆಟ್ಟಿಗೆ ಕಟ್ಟುತ್ತಾಳೆ ಎಂದುಕೊಂಡು ಅವನು ಕಣ್ಣು ಮುಚ್ಚಿದ. ಕಿಟಕಿಯ ಹತ್ತಿರ ಹೋದವಳು ವಾಪಸ್ ಬಂದು ಅವನ ಅಂಗೈ ಬಿಡಿಸಿ ಏನನ್ನೋ ಇಟ್ಟಳು. ಹಸಿರು ದಾರದ ಉಂಡೆ. ಹೆಚ್ಚೇನೂ ಉಳಿದಿರಲಿಲ್ಲ.

"ಹೋಗೋದು ಮಾತ್ರ ಬಿಡಬೇಡಿ" ಎಂದಳು. "ಆದ್ರೆ ಆ ಕುರ್ಚಿ ಕೈ ಕಿತ್ತು ಜಡೆ ಹಾಕೋದು ಬಿಡಿ. ಡಾಕ್ಟರಮ್ಮನ ಹತ್ರ ಮಾತಾಡೋ ನನ್ನ ಶುಕ್ರವಾರವೆಲ್ಲ ಅದನ್ನ ರಫೂ ಮಾಡೋದ್ರಲ್ಲೇ ಹೋಗ್ತಿದೆ."